ತಲೆ ಮರೆತು ಹೋದ ಮೀನು

ನಾನು ಚಿಕ್ಕವನಿದ್ದಾಗ ಸತ್ತ ಮೀನೊಂದನ್ನು ಉಳಿಸಲು ಹೋಗಿ ಇಡೀ ಮನೆಯ ಊಟ ಕೆಡಿಸಿದ್ದೆ. ಆಗ ನನಗೆ ಆರು ವರ್ಷ ಇರಬಹುದು. ಇನ್ನೂ ಶಾಲೆಗೆ ಹಾಕಿರಲಿಲ್ಲ. ನಮ್ಮ ಮನೆ ಹಂಗಳದ ಹತ್ತಿರ, ಕೆರೆ ಏರಿಯ ಮೇಲೆ ನಿಂತು ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು.

ಅಕ್ಕನನ್ನು ಉಡಿಗಾಲಕ್ಕೆ ಮದುವೆ ಮಾಡಿ ಕೊಟ್ಟು ಒಂದು ವರ್ಷವಾಗಿತ್ತು. ಅವಳು ಬಸುರಿ. ಅವ್ವ ಮಾಡುವ ಕೊರವ ಮೀನಿನ ಸಾರು ತಿನ್ನಬೇಕು ಅಂತ ಆಸೆಯಾಗಿದೆ ಎಂದು ಯಾರ ಕೈಲೋ ಹೇಳಿ ಕಳಿಸಿದ್ದಳು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಭಾವನ ಜೊತೆ ಬರುವವಳಿದ್ದಳು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಹಾಗಾಗಿ ಅಪ್ಪ ಅವತ್ತು ಕೋಳಿ ಕೂಗುವ ಹೊತ್ತಿಗೇ ಗಾಳ ತೆಗೆದುಕೊಂಡು ಕೆರೆಗೆ ಹೋದರು. ಬಿಸಿಲೇರುವವರೆಗೆ ಕೂತರೂ ಸಿಕ್ಕಿದ್ದು ಒಂದೇ ಮೀನು. ಆದರೆ ಅದು ಅಪ್ಪನ ಮೊಳಕೈಯಿಂದ ಬೆರಳ ತುದಿವರೆಗೂ ಉದ್ದವಿತ್ತು. ತಲೆ ಥೇಟ್ ಹಾವಿನ ತಲೆ.

ಅವ್ವ ಹಿತ್ತಲಲ್ಲಿ ಕೂತು ಮೀನಿಗೆ ಬೂದಿ ಹಚ್ಚಿ ಕಲ್ಲಿಗೆ ಉಜ್ಜಿದಳು. ಈಳಿಗೆಮಣೆಯಲ್ಲಿ ತಲೆ ಕೊಯ್ದು ಪಕ್ಕಕ್ಕಿಟ್ಟಳು, ಹೊಟ್ಟೆ ಸೀಳಿ ತೊಳೆದಳು, ಚರ್ಮ ಸುಲಿದು ತಟ್ಟೆಗೆ ಹಾಕಿದಳು. ಬೂದಿ ವಾಸನೆ, ಕೆಸರಿನ ವಾಸನೆ, ಒಳಗಿಂದ ಹುರಿದ ಮೆಣಸಿನ ಘಾಟು, ಎಲ್ಲ ಸೇರಿ ನನ್ನ ಬಾಯಲ್ಲಿ ನೀರು. ಅವ್ವ ಒಂದು ಹಿಡಿ ಹರಳುಪ್ಪು ಉದುರಿಸಿ ಎದ್ದಳು.

"ಖಾರ ಅರ್ಕೊಂಡ್ ಬತ್ತೀನಿ. ಕಾಗೆ ಬತ್ತವೆ, ಇಲ್ಲೇ ಕೂತ್ಕೊ ಮಗ. ಬೆಕ್ ಬಂದ್ರೆ ಓಡ್ಸು."

ನಾನು ಕೋಲು ಹಿಡಿದು ಕೂತೆ. ಕಾಗೆಯೂ ಬರಲಿಲ್ಲ, ಬೆಕ್ಕೂ ಬರಲಿಲ್ಲ. ತಟ್ಟೆಯಲ್ಲೇ ಏನೋ ಅಲ್ಲಾಡಿತು. ನೋಡಿದರೆ, ಉಪ್ಪಿನ ಹರಳು ಕರಗುತ್ತಿದ್ದ ಕಡೆ ಮೀನಿನ ಮಾಂಸ ಸಣ್ಣಗೆ ನಡುಗುತ್ತಿತ್ತು. ನಡುಕ ಹಾಗೇ ಹಿಂದಕ್ಕೆ ಹರಿಯಿತು. ಆಮೇಲೆ ಬಾಲ ಎದ್ದು ತಟ್ಟೆಗೆ ಪಟಾರ್ ಅಂತ ಬಡಿಯಿತು. ತಲೆ ಇಲ್ಲ, ಹೊಟ್ಟೆ ಖಾಲಿ, ಬಾಲ ಮಾತ್ರ ಬಡಿಯುತ್ತಿದೆ!

ಹಿಂದಿನ ದಿನವಷ್ಟೇ ನಾನು ಬಿದ್ದು ಮಂಡಿ ತರಚಿಕೊಂಡಿದ್ದೆ. ಅವ್ವ ಅದನ್ನು ಉಪ್ಪುನೀರಲ್ಲಿ ತೊಳೆದಾಗ ಊರಿಗೇ ಕೇಳುವಂತೆ ಕಿರುಚಿದ್ದೆ. ಬರೀ ತರಚಿದ್ದಕ್ಕೇ ನನಗೆ ಅಷ್ಟು ಉರಿ. ಇದಕ್ಕೆ ಚರ್ಮವೇ ಇಲ್ಲ, ಕಿರುಚೋಣ ಅಂದರೆ ಬಾಯಿ ಪಕ್ಕದಲ್ಲಿ ಬೇರೆ ಬಿದ್ದಿದೆ. ನನಗೆ ತಡೆಯಲಾಗಲಿಲ್ಲ. ಅಕ್ಕನ ಆಸೆ ನೆನಪಾಗಿ ಒಂದು ಗಳಿಗೆ ನಿಂತೆ. ಬಾಲ ಮತ್ತೆ ಬಡಿಯಿತು. ತಟ್ಟೆ ಎತ್ತಿಕೊಂಡು ಕೆರೆಗೆ ಓಡಿದೆ. ಹೊರಡುವಾಗ ತಲೆಯನ್ನೂ ತಟ್ಟೆಗೆ ಹಾಕಿಕೊಂಡಿದ್ದೆ. ನೀರಿಗೆ ಬಿಟ್ಟರೆ ತಾನೇ ಕೂಡಿಕೊಳ್ಳುತ್ತದೆ ಅಂತ ನನ್ನ ಲೆಕ್ಕ.

ಮೆಟ್ಟಿಲ ಮೇಲೆ ಕೂತು ಮೀನನ್ನು ಎರಡು ಕೈಯಲ್ಲಿ ಹಿಡಿದು ನೀರಲ್ಲಿ ಮುಳುಗಿಸಿ ಉಪ್ಪು ತೊಳೆದೆ. ಕೈ ಜಾರಿತು. ಬಿಳೀ ಬಾಲ ಒಂದು ಸಲ ಹೊರಳಿದ್ದು ಕಂಡಿತು, ಅಷ್ಟೇ. ನಾನು ಇನ್ನೂ ತಲೆ ಕೈಗೆತ್ತಿಕೊಂಡಿರಲೇ ಇಲ್ಲ!

"ಏಯ್, ತಲೆ! ತಲೆ ಬುಟ್ಬುಟ್ಟೆ, ಬಾ!" ಅಂತ ಕೆರೆಗೆ ಕೂಗಿದೆ. ಬರಲಿಲ್ಲ. ಅಳು ಬಂತು.

ಅಷ್ಟರಲ್ಲಿ ಬಸ್ಸು ಬಂದು ಹೋಗಿತ್ತು. ಏರಿ ಮೇಲೆ ಅಕ್ಕ ಮತ್ತು ಭಾವ ನಡೆದು ಬರುತ್ತಿದ್ದರು.

"ಯಾಕ್ಲಾ ಅಳ್ತಿದ್ದೀ?" ಅಂದಳು ಅಕ್ಕ.

ನಾನು ತಟ್ಟೆ ತೋರಿಸಿದೆ. "ನಿನ್ ಮೀನು ತಲೆ ಮರ್ತ್ಬುಟ್ಟು ಓಯ್ತು ಅಕ್ಕ!"

ಭಾವ ನಕ್ಕು ನಕ್ಕು ಏರಿ ಮೇಲೇ ಕೂತುಬಿಟ್ಟರು. "ನಿಮ್ಮೂರಲ್ಲಿ ಮೀನ್ಗೂ ಮರೆವೇನ್ಲಾ?" ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ನನ್ನ ಮೂಗು ಒರೆಸಿದಳು.

ಮನೆಯಲ್ಲಿ ಅವ್ವ ಕೋಲು ಹುಡುಕುತ್ತಿದ್ದಳು. ಅಪ್ಪನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು ನನ್ನನ್ನು ಹತ್ತಿರ ಕರೆದರು.

"ಬಾಲ ನಿಜ್ವಾಗ್ಲೂ ಬಡೀತಾ?"

"ಊಂ ಅಪ್ಪ. ಉಪ್ಪು ಉರೀತಿತ್ತು ಅದ್ಕೆ."

"ಪ್ರಾಣ ಓದ ಸುದ್ದಿ ಬಾಲಕ್ಕೆ ಇನ್ನೂ ಮುಟ್ಟಿರ್ನಿಲ್ಲ ಕಣ್ಲಾ. ಬುಡು," ಅಂದರು.

ಅವ್ವ ಆ ತಲೆ ಒಂದನ್ನೇ ಹಾಕಿ ಸಾರು ಮಾಡಿದಳು. ತಲೆ ಅಕ್ಕನ ತಟ್ಟೆಗೆ ಬಂತು. ಅವಳು ಕಣ್ಣು ಮುಚ್ಚಿಕೊಂಡು ಒಂದೊಂದೇ ಮುಳ್ಳು ಚೀಪಿದಳು. ಭಾವ ಮುದ್ದೆಯನ್ನು ಬರೀ ಸಾರಲ್ಲಿ ಅದ್ದಿ ನುಂಗುತ್ತಾ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಅಕ್ಕನ ಮಗ ಹುಟ್ಟಿದಾಗ ಅವನ ಕಿವಿ ಸೋರಲಿಲ್ಲ. ಆದರೆ ಆ ಮೀನಿಗೆ ಉರಿ ಹೇಗಿತ್ತೋ ಎಂಬುದು ನನ್ನ ಮನಸ್ಸಲ್ಲಿ ಮುಳ್ಳಿನ ಹಾಗೆ ಉಳಿಯಿತು. ತಡವಾಗಿ ಶಾಲೆ ಸೇರಿದೆ. ಒಂದಿಷ್ಟು ಓದಿದೆ. ಆದರೆ ಇದನ್ನು ಮೇಷ್ಟ್ರ ಹತ್ತಿರ ಕೇಳಲು ನಾಚಿಕೆಯಾಗಿ ಯಾವತ್ತೂ ಕೇಳಲಿಲ್ಲ.

ಮೊನ್ನೆ ಚಾಮರಾಜನಗರದ ನಮ್ಮ ಮನೆಯಲ್ಲಿ, ಪಿಯುಸಿ ಓದುವ ಮೊಮ್ಮಗಳು ನರಗಳ ಪಾಠ ಜೋರಾಗಿ ಓದುತ್ತಿದ್ದಳು. ಸೋಡಿಯಂ ಅಂದಳು. ಅದೇನಮ್ಮ ಅಂದೆ. "ಅಡುಗೆ ಉಪ್ಪಲ್ಲಿ ಇರೋದೇ ತಾತ," ಅಂದಳು. ನನ್ನ ಕಿವಿ ನೆಟ್ಟಗಾಯಿತು. ಅವಳನ್ನು ಕೂರಿಸಿಕೊಂಡು ಮೀನಿನ ಕತೆ ಹೇಳಿದೆ.

ಅವಳು ವಿವರಿಸಿದ್ದು ಹೀಗೆ. ನರದ ಒಂದೊಂದು ಜೀವಕೋಶವೂ ಸೋಡಿಯಂ ಅನ್ನು ಹೊರಗೆ ತಳ್ಳಿ, ಪೊಟ್ಯಾಸಿಯಂ ಅನ್ನು ಒಳಗೆ ತುಂಬಿಕೊಂಡು ಕಾದಿರುತ್ತದೆಯಂತೆ, ಚಾರ್ಜ್ ಆದ ಬ್ಯಾಟರಿಯ ಹಾಗೆ. ಅದರ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಸಾಕಷ್ಟು ಜೋರಾಗಿ ತಟ್ಟಿದರೆ ಬಾಗಿಲು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ, ಅಲ್ಲಿ ವಿದ್ಯುತ್ತು ತಿರುಗುಮುರುಗಾಗುತ್ತದೆ. ಅದು ಪಕ್ಕದ ಬಾಗಿಲನ್ನು ತೆರೆಸುತ್ತದೆ, ಅದು ಮುಂದಿನದನ್ನು. ತೆರೆದ ಬಾಗಿಲು ಮುಚ್ಚಿಕೊಂಡು ಸ್ವಲ್ಪ ಸುಧಾರಿಸಿಕೊಳ್ಳುವುದರಿಂದ ಸುದ್ದಿ ಹಿಂದಕ್ಕೆ ಬರುವುದಿಲ್ಲ. ನರದ ತುದಿ ಮುಟ್ಟಿದಾಗ ಅಲ್ಲೊಂದಿಷ್ಟು ರಸ ಸುರಿಯುತ್ತದೆ, ಮಾಂಸಖಂಡ ಜಗ್ಗುತ್ತದೆ.

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಕಡಲೇಕಾಯಿ ಹೊಲಕ್ಕೆ ಆನೆ ಬಂದರೆ ನಾವು ಹೀಗೇ ಮಾಡುತ್ತಿದ್ದೆವು. ಕಾಡಂಚಿನ ಗುಡಿಸಲಿನವನು ಕೂಗಿದ್ದನ್ನು ಕೇಳಿ ಪಕ್ಕದ ಹೊಲದವನು ಕೂಗುತ್ತಿದ್ದ, ಅವನದನ್ನು ಕೇಳಿ ಅಪ್ಪ. ಒಬ್ಬರೂ ಕೂತಲ್ಲಿಂದ ಏಳುತ್ತಿರಲಿಲ್ಲ. ಕೂಗು ಮಾತ್ರ ಒಂದಿಷ್ಟೂ ಸೊರಗದೆ ಊರು ಮುಟ್ಟುತ್ತಿತ್ತು.

"ಮೀನು ಆಗಷ್ಟೇ ಸತ್ತಿತ್ತಲ್ಲ ತಾತ, ಬ್ಯಾಟರಿ ಇನ್ನೂ ಖಾಲಿಯಾಗಿರಲಿಲ್ಲ. ಉಪ್ಪು ಬಿದ್ದು ಬಾಗಿಲು ತೆರ್ಕೊಂಡ್ವು. ಅದಕ್ಕೇ ಬಾಲ ಬಡೀತು."

"ಹಂಗಾದ್ರೆ ಅದ್ಕೆ ಉರಿ?"

"ಉರಿ ಅಂತ ಗೊತ್ತಾಗೋಕೆ ಸುದ್ದಿ ಮಿದುಳಿಗೆ ಹೋಗಬೇಕು. ಮಿದುಳು ತಟ್ಟೆ ಪಕ್ಕದಲ್ಲಿ ಬಿದ್ದಿತ್ತಲ್ಲ ತಾತ!"

ಮಕ್ಕಳೇ, ನಿಮ್ಮ ಮನೆಗೆ ಮೀನು ಬರುವುದು ತುಂಡಾಗಿ, ಐಸಲ್ಲಿ ಮರಗಟ್ಟಿ, ಪ್ಲಾಸ್ಟಿಕ್ ಕವರಿನಲ್ಲಿ. ಭಾನುವಾರ ಮೊಮ್ಮಗಳು ಅದಕ್ಕೂ ಉಪ್ಪು ಹಾಕಿ ಅರ್ಧ ಗಂಟೆ ಕಾದಳು. ಒಂದು ಚೂರೂ ಅಲ್ಲಾಡಲಿಲ್ಲ. ಬಾಲ ಬಡಿಯುವುದನ್ನು ನೋಡಲು ಅವಳು ನನ್ನ ಕಾಲಕ್ಕೇ ಹೋಗಬೇಕಂತೆ. ಯಾಕೆ ಬಡಿಯಿತು ಅಂತ ತಿಳಿಯಲು ನಾನು ಅವಳ ಕಾಲದವರೆಗೆ ಕಾಯಬೇಕಾಯಿತು.

ಅವತ್ತೇ ಉಡಿಗಾಲಕ್ಕೆ ಫೋನು ಮಾಡಿದೆ. ಅಕ್ಕನಿಗೆ ಈಗ ಕಿವಿ ಮಂದ, ಎರಡು ಸಲ ಕೂಗಿ ಹೇಳಿದೆ. "ಅಕ್ಕಾ, ಆ ಮೀನಿಗೆ ಉರಿ ಆಗಿರ್ಲಿಲ್ವಂತೆ!"

ಅವಳು ಅಂದಳು:

"ಅಂಗಾದ್ರೆ ನನ್ ಮೀನು ತಂದ್ಕೊಡು ಕಣ್ಲಾ."