ಕಿಟಕಿ ಹೇಳಿದ ಉತ್ತರಗಳು

ಬೆಳಿಗ್ಗೆ ಮಗಳು ನನ್ನನ್ನು ನನ್ನ ಮನೆಯಿಂದಲೇ ಆಚೆ ಹಾಕಿದಳು. ಫೋನಿನಲ್ಲಿ ಅವಳಿಗೆ ಇಂಟರ್‌ವ್ಯೂ. ತಮಿಳುನಾಡಿನ ಗಡಿಯೊಳಗಿರುವ ನಮ್ಮೂರು ತಿಗನಾರೆಯ ಮನೆಯಲ್ಲಿ ಸಿಗ್ನಲ್ ಸಿಗುವುದು ಬೀದಿಕಡೆಯ ಕಿಟಕಿಯ ಹತ್ತಿರ ಮಾತ್ರ. “ಅವ್ವ, ನೀ ಒಳಗಿದ್ರೆ ಬಾಯಾಕ್ದೆ ಇರಕಿಲ್ಲ. ವಸಿ ಆಚ್ಗಿರು,” ಎಂದು ಬಾಗಿಲು ಹಾಕಿಕೊಂಡಳು. ಸಿಟ್ಟು ನೆತ್ತಿಗೇರಿತು. ಕಿಟಕಿಯ ಕೆಳಗಿನ ಜಗಲಿಯಲ್ಲಿ ಕೂತೆ. ಪಕ್ಕದ ಮನೆಯ ಅಜ್ಜ ನಶ್ಯ ಏರಿಸುತ್ತಿದ್ದ. ಆ ಘಾಟಿಗೆ ನನ್ನ ಸೋದರಮಾವ ನೆನಪಾದರು.

ಮಾವನ ವಿಷಯ ನಿಮಗೆ ಹೇಳಲೇಬೇಕು. ಯಾರು ಯಾರನ್ನು ಏನು ಕೇಳಿದರೂ ಉತ್ತರ ಅವರದು. ಬಳೆಗಾರ ನನ್ನನ್ನು ಯಾವ ಬಣ್ಣ ಬೇಕೆಂದು ಕೇಳಿದರೆ “ಕೆಂಪು ಕೊಡು” ಎನ್ನುವವರು ಅವರು. ಕೆಂಪು ಬಳೆ ಕಂಡರೆ ನನಗೆ ಇಂದಿಗೂ ಆಗದು.

ನಾನು ಪ್ಲಸ್ ಟು ಮುಗಿಸಿ ಮನೆಯಲ್ಲಿ ಕೂತಿದ್ದಾಗ, ತಾಳವಾಡಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ರೋಗಿಗಳ ಚೀಟಿ ಬರೆಯಲು ಹುಡುಗಿ ಬೇಕಂತೆ ಎಂಬ ಸುದ್ದಿ ಬಂತು. “ಇದೂ ಸಿಕ್ನಿಲ್ಲ ಅಂದ್ರೆ ನಾಳಿಂದ ನನ್ ಜೊತೆ ಕಳೆ ಕೀಳಕೆ ಬಾ,” ಎಂದುಬಿಟ್ಟಳು ಅವ್ವ. ಕೂಲಿಯ ಬಿಸಿಲು ನನಗೆ ಗೊತ್ತಿತ್ತು, ಅದಕ್ಕೇ ಭಯ. ತಯಾರಿ ಮಾಡಿಸುವ ಹೊಣೆ ಹೊತ್ತವರು ಮಾವ, ಇನ್ಯಾರು? ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಡಾಕ್ಟರಾಗುತ್ತಿದ್ದರು.

“ಈ ಕೆಲ್ಸ ನಿಂಗ್ಯಾಕವ್ವ ಬೇಕು?”

ನಾನು ಬಾಯಿ ತೆರೆಯುವಷ್ಟರಲ್ಲಿ, “ಜನಗಳ ಸೇವೆ ಮಾಡಕೆ ಅಂತ ಯೋಳು ಕೂಸೇ!” ಎಂದು ನಶ್ಯ ಏರಿಸಿ, ಸೀನಿ, ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಆ ವಾರವೆಲ್ಲ ನಡೆದ ತಾಲೀಮಿನಲ್ಲಿ ನಾನು ಒಂದು ಉತ್ತರವನ್ನೂ ಹೇಳಲಿಲ್ಲ. ಮಾವ ಮಾತ್ರ ಚೆನ್ನಾಗಿ ತಯಾರಾದರು.

ಇಂಟರ್‌ವ್ಯೂ ದಿನ ಆಸ್ಪತ್ರೆಗೆ ಜೊತೆಗೂ ಬಂದರು. ಆಚೆ ಕೂತಿರಿ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಹೇಳಿದರೆ, ಆಚೆಯೇ ಕೂತರು, ತೆರೆದ ಕಿಟಕಿಯ ಪಕ್ಕ. ಹೆಸರೇನು? ಕಿಟಕಿ ಹೇಳಿತು. ಎಷ್ಟು ಓದಿದ್ದೀಯ? ಕಿಟಕಿ ಹೇಳಿತು, ಜೊತೆಗೊಂದು ಸೀನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಮ್ಮ ಮಾವ. ಈ ಕೆಲಸ ಯಾಕೆ ಬೇಕು ಎಂದಾಗ “ಜನಗಳ ಸೇವೆ...” ಎಂದು ಶುರುವಾಯಿತು ನೋಡಿ, ನನಗೆ ತಡೆಯಲಾಗಲಿಲ್ಲ.

“ಮಾವ, ನೀ ವಸಿ ಸುಮ್ಕಿರು! ಅವ್ರು ಕೇಳ್ತಿರದು ನನ್ನ. ನಂಗೂ ಬಾಯದೆ!”

ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ಕಳೆ ಕೀಳಲು ಇಷ್ಟವಿಲ್ಲ, ಅದಕ್ಕೇ ಬಂದೆ ಎಂದು ನಿಜವನ್ನೇ ಹೇಳಿದೆ. ಕೆಲಸ ಹೋಯಿತೆಂದು ಕಣ್ಣಲ್ಲಿ ನೀರು ಬಂತು.

ಅವರು ನಕ್ಕುಬಿಟ್ಟರು. “ಇಲ್ಲಿ ಹೊಟ್ಟೆನೋವು ಒಬ್ಬರಿಗೆ, ಹೇಳುವವರು ಜೊತೆಗೆ ಬಂದವರು. ಅವರ ಬಾಯಿ ಮುಚ್ಚಿಸಿ ನೋವಿದ್ದವರನ್ನು ಮಾತಾಡಿಸುವ ಹುಡುಗಿಯೇ ನನಗೆ ಬೇಕು. ಸೋಮವಾರ ಬಾ.”

ವಾಪಸು ಬರುವಾಗ ಮಾವ ಇಡೀ ಬಸ್ಸಿಗೆ ಸಾರಿದರು: “ಎಲ್ಲಾ ನಾನೇ ಯೋಳ್ಕೊಟ್ಟಿದ್ದು ಕಣ್ರಪ್ಪ!” ನಾನು ಹಲ್ಲು ಕಚ್ಚಿ ಕೂತಿದ್ದೆ.

ಮಾವ ಈಗಿಲ್ಲ. ನಾನು ಇವತ್ತಿಗೂ ಅಲ್ಲೇ ಚೀಟಿ ಬರೆಯುತ್ತೇನೆ, ಜೊತೆಗೆ ಬಂದವರ ಬಾಯಿ ಮುಚ್ಚಿಸುತ್ತೇನೆ.

ಅಷ್ಟರಲ್ಲಿ ಒಳಗೆ ಸ್ಪೀಕರಿಗೆ ಹಾಕಿದ್ದ ಫೋನು ಅದನ್ನೇ ಕೇಳಿತು: ಈ ಕೆಲಸ ನಿಮಗೆ ಯಾಕೆ ಬೇಕು? ಮಗಳು ಗಂಟಲು ಸರಿಮಾಡಿಕೊಂಡಳು. ಇವಳೆಲ್ಲಿ ತಡವರಿಸುತ್ತಾಳೋ ಎಂದು ಉತ್ತರ ನನ್ನ ನಾಲಿಗೆ ತುದಿಗೆ ಬಂದೇಬಿಟ್ಟಿತು. ಮಾವನಿಗೂ ಅಂದು ಹೀಗೇ ಆಗಿತ್ತೇನೋ. ಸೆರಗಿನಿಂದ ಬಾಯಿ ಒತ್ತಿಕೊಂಡೆ. ಮಾತನ್ನು ತಡೆದೆ, ಅಜ್ಜನ ನಶ್ಯಕ್ಕೆ ಬಂದ ಸೀನನ್ನು ತಡೆಯಲಾಗಲಿಲ್ಲ.

ಯಾರದು ಎಂದಿತು ಫೋನು.

“ನಮ್ಮಮ್ಮ ಸಾರ್, ಆಚೆ ಕೂತಿದ್ದಾರೆ,” ಎಂದಳು ಮಗಳು ತಮಿಳಿನಲ್ಲಿ. “ನನಗಿಂತ ಅವರಿಗೇ ಹೆದರಿಕೆ.”

ಹೆದರಿಕೆಯಂತೆ, ನನಗೆ! ಎದ್ದು ಹೋಗಿ ಬಯ್ಯಬೇಕೆನಿಸಿತು. ಕಾಲು ನಡುಗುತ್ತಿತ್ತು, ಕೂತೇ ಇದ್ದೆ.