ನಿಂತ ಗೀಟು, ಮಲಗಿದ ಗೀಟು

ಅಜ್ಜಂಪುರದ ನಮ್ಮ ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಅಪ್ಪ ಮರಗೆಲಸ ಮಾಡುತ್ತಾರೆ. ಶೆಡ್ಡಿನ ಬಾಗಿಲ ಹಿಂಬದಿಯಲ್ಲಿ ಯಾವಾಗಲೂ ಸೀಮೆಸುಣ್ಣದ ಗೀಟುಗಳಿರುತ್ತವೆ. ಕೈಯಲ್ಲಿರುವ ಕೆಲಸಕ್ಕೆ ಎಷ್ಟು ದಿನ ಹಿಡಿಯಿತೋ ಅಷ್ಟು ಗೀಟು ಎಂದುಕೊಂಡಿದ್ದೆ. ಕೂಲಿ ಹೇಳುವಾಗ ಅಪ್ಪ ಅವನ್ನು ಎಣಿಸಿ ಹೇಳುತ್ತಾರೆ, ಕೆಲಸ ಒಪ್ಪಿಸಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಚಿಕ್ಕಂದಿನಿಂದ ಕಂಡಿದ್ದರಿಂದಲೋ ಏನೋ, ಆ ಗೀಟುಗಳು ಏನನ್ನು ಎಣಿಸುತ್ತವೆ ಎಂದು ನಾನು ಕೇಳಿಕೊಂಡಿರಲಿಲ್ಲ.

ಕೇಳಿಕೊಳ್ಳಬೇಕಾಗಿತ್ತು. ನಾನು ಓದಿದ್ದು ರಸಾಯನಶಾಸ್ತ್ರ. ಕಡೂರಿನ ಒಂದು ಲ್ಯಾಬಿನಲ್ಲಿ ನೀರಿನ ಪರೀಕ್ಷೆ ಮಾಡುತ್ತೇನೆ. ಯಗಟಿ, ಪಂಚನಹಳ್ಳಿ ಕಡೆಯವರು ಬೋರಿನ ನೀರನ್ನು ಬಾಟಲಿಯಲ್ಲಿ ಹಿಡಿದು ತರುತ್ತಾರೆ. ಎಷ್ಟು ಅಡಿಯಿಂದ ಬಂದ ನೀರು, ಯಾವತ್ತು ಹಿಡಿದದ್ದು, ಬಾಟಲಿ ತೊಳೆದಿತ್ತೇ ಎಂದೆಲ್ಲ ವಿಚಾರಿಸಿಯೇ ನಾನು ಬಾಟಲಿಯನ್ನು ಒಳಗೆ ತೆಗೆದುಕೊಳ್ಳುವುದು. ಮನೆಗೆ ಬಂದರೆ ಮಾತ್ರ ಅಪ್ಪ ಹೇಳಿದ್ದೇ ಅಳತೆ.

ಹೋದ ವರ್ಷ ತರೀಕೆರೆಯ ನಿವೃತ್ತ ಟೀಚರಮ್ಮ ಒಬ್ಬರು ಎರಡು ಕುರ್ಚಿ ಮಾಡಿಕೊಡಲು ಹೇಳಿದರು. ಅವರ ಹಿತ್ತಿಲಿನ ಹಲಸಿನ ಮರ ಗಾಳಿಗೆ ಉರುಳಿತ್ತು. ಅದನ್ನು ಕೊಯ್ಸಿ, ಒಣಗಿಸಿ, ಹಲಗೆಗಳನ್ನು ಗೂಡ್ಸ್ ಆಟೋದಲ್ಲಿ ಕಳಿಸಿದ್ದರು. ಮರ ಅವರದೇ ಆದ್ದರಿಂದ ಅಪ್ಪ ಹೇಳಬೇಕಾಗಿದ್ದು ತಮ್ಮ ಕೂಲಿ ಮಾತ್ರ. ಮೊದಲ ಕುರ್ಚಿ ಮುಗಿದಾಗ ಬಾಗಿಲ ಮೇಲೆ ನಾಲ್ಕು ಗೀಟುಗಳಿದ್ದವು. ಟೀಚರಮ್ಮ ಫೋನು ಮಾಡಿ ಎಷ್ಟು ಹೊಂದಿಸಿಕೊಳ್ಳಲಿ ಎಂದು ಕೇಳಿದರು. ಎರಡೂ ಮುಗಿಯಲಿ, ಹೇಳುತ್ತೇನೆ ಎಂದು ಅಪ್ಪ ತಪ್ಪಿಸಿಕೊಂಡರು. ಬೆಲೆ ಹೇಳುವುದೆಂದರೆ ಅವರಿಗೆ ಯಾವತ್ತೂ ಸಂಕೋಚ.

ನನಗೆ ಆ ಕುರ್ಚಿ ತುಂಬ ಹಿಡಿಸಿತ್ತು. ಬೆನ್ನಿನ ಮೂರು ಪಟ್ಟಿಗಳು ಒರಗಿದವರ ಮೈಗೆ ತಕ್ಕ ಹಾಗೆ ಒಳಗೆ ಬಾಗಿದ್ದವು. ಎಲ್ಲಿಯೂ ಮೊಳೆ ಇರಲಿಲ್ಲ. ಇಂಥದ್ದಕ್ಕೆ ಬೇರೆ ಕಡೆ ಏನು ಕೇಳುತ್ತಾರೆಂದು ತಿಳಿಯುವ ಕುತೂಹಲ ಹುಟ್ಟಿತು. ಫೋನಿನಲ್ಲಿ ಮರಗೆಲಸದವರ ಒಂದು ಕನ್ನಡ ಗುಂಪಿದೆ. ಕಸುಬಿನವರು, ಹವ್ಯಾಸಕ್ಕೆ ಮಾಡುವವರು, ಸುಮ್ಮನೆ ನೋಡುವವರು ಎಲ್ಲರೂ ಅದರಲ್ಲಿದ್ದಾರೆ. ನಾನು ಸುಮ್ಮನೆ ನೋಡುವವಳು. ಹಿಂದಿನ ಗೋಡೆ, ಹಗ್ಗದ ಮೇಲಿನ ಬಟ್ಟೆ ಕಾಣದಂತೆ ಕತ್ತರಿಸಿ ಕುರ್ಚಿಯ ಫೋಟೋ ಹಾಕಿದೆ. ಯಾರು ಮಾಡಿದ್ದೆಂದು ಬರೆಯಲಿಲ್ಲ. ಹಲಸು, ಮರ ಗಿರಾಕಿಯದು, ಕೈಯಲ್ಲೇ ಮಾಡಿದ್ದು, ನಾಲ್ಕು ದಿನದ ಕೆಲಸ, ಎಷ್ಟು ಕೇಳಬಹುದು ಎಂದಷ್ಟೇ ಬರೆದೆ.

ಮಧ್ಯಾಹ್ನದ ಊಟದ ಹೊತ್ತಿಗೆ ಜಗಳವೇ ಶುರುವಾಗಿತ್ತು. ದಿನಗೂಲಿಗೆ ಕಾಲುಭಾಗ ಸೇರಿಸಿ ಎಂದು ಒಬ್ಬರು. ಮರ ಯಾರದ್ದಾದರೂ ಆಗಲಿ, ಅದರ ಬೆಲೆಯ ಮೂರರಷ್ಟು ಕೇಳಬೇಕು ಎಂದು ಇನ್ನೊಬ್ಬರು. ಇದೇ ದುಡ್ಡಿಗೆ ಅಂಗಡಿಯಲ್ಲಿ ಕುಶನ್ ಹಾಕಿದ್ದು ಸಿಗುತ್ತದೆ ಎಂದ ಮತ್ತೊಬ್ಬರನ್ನು ಎಲ್ಲರೂ ಸೇರಿ ಬೈದಿದ್ದರು. ನಿಮ್ಮಂಥವರು ಕಡಿಮೆ ಹೇಳುವುದರಿಂದಲೇ ನಮಗೆ ಕೆಲಸವಿಲ್ಲ ಎಂಬ ದೂರೂ ಇತ್ತು, ನಾನು ಇನ್ನೂ ಏನನ್ನೂ ಹೇಳಿರದಿದ್ದರೂ. ಇವೆಲ್ಲವನ್ನೂ ನಾನು ಆಸಕ್ತಿಯಿಂದಲೇ ಓದಿದೆ. ಕೊನೆಯಲ್ಲಿ ಒಬ್ಬರು ಬೆಲೆಯ ಸುದ್ದಿಯನ್ನೇ ಎತ್ತದೆ ಬರೆದಿದ್ದರು: ‘ನಾಲ್ಕು ದಿನ ಅನ್ನೋದು ಸುಳ್ಳು. ಆ ಬೆನ್ನಿನ ಪಟ್ಟಿ ಮೂರಕ್ಕೇ ನಾಲ್ಕು ದಿನ ಬೇಕು. ಇಲ್ಲಾ ಮಿಷಿನ್ನು, ಇಲ್ಲಾ ಸುಳ್ಳು.’

ಆ ಮಾತು ನನ್ನನ್ನು ತಟ್ಟಿತು. ಬಸ್ಸಿನಲ್ಲಿ ಬರುವಾಗ ಅದಕ್ಕೆ ಉತ್ತರ ಬರೆಯಹೋಗಿ ನಿಲ್ಲಿಸಿದೆ. ಆ ನಾಲ್ಕು ದಿನವನ್ನು ನಾನು ಅಳೆದಿರಲಿಲ್ಲ, ಬಾಗಿಲ ಮೇಲೆ ಓದಿದ್ದೆ, ಅಷ್ಟೇ.

ಎರಡನೆಯ ಕುರ್ಚಿಯ ಕೆಲಸ ಶುರುವಾದಾಗ ಅಪ್ಪನಿಗೆ ಹೇಳದೆ ಒಂದು ಪುಸ್ತಕದಲ್ಲಿ ಹೊತ್ತು ಬರೆದಿಡತೊಡಗಿದೆ. ಬೆಳಿಗ್ಗೆ ಹೊರಡುವ ಮುಂಚೆ, ಸಂಜೆ ಬಂದ ಮೇಲೆ, ಭಾನುವಾರ ಇಡೀ ದಿನ ನಾನೇ ನೋಡುತ್ತಿದ್ದೆ. ನಾನಿಲ್ಲದಾಗ ಏನು ನಡೆಯಿತೆಂದು ಅಮ್ಮನನ್ನು ಕೇಳುತ್ತಿದ್ದೆ. ಇದೇನು ಅಪ್ಪನ ಹಾಜರಿ ತಗೊಳ್ತಿದ್ದೀಯ ಎಂದು ಅಮ್ಮ ನಕ್ಕರೂ ಸರಿಯಾಗಿಯೇ ಹೇಳುತ್ತಿದ್ದರು. ಕುರ್ಚಿ ಮುಗಿದಾಗ ನನ್ನ ಪುಸ್ತಕದಲ್ಲಿ ಹದಿಮೂರು ದಿನಗಳಿದ್ದವು. ಬಾಗಿಲ ಮೇಲೆ ಅದರ ಲೆಕ್ಕಕ್ಕೆ ಮೂರೇ ಗೀಟು.

ಒಂದೇ ಮರ, ಒಂದೇ ಅಳತೆ, ಪಕ್ಕದಲ್ಲಿಟ್ಟರೆ ಯಾವುದು ಮೊದಲಿನದೆಂದು ಗುರುತು ಸಿಗದ ಎರಡು ಕುರ್ಚಿಗಳು. ಆದರೂ ಎರಡನೆಯದರ ಕೂಲಿ ಮೊದಲನೆಯದಕ್ಕಿಂತ ಕಡಿಮೆ. ಕಾರಣ ಕೇಳಿದಾಗ ಇದರಲ್ಲೇನು ವಿಚಿತ್ರ ಎನ್ನುವಂತೆ ಅಪ್ಪ ನೋಡಿದರು.

“ನಿಂತ ದಿನಕ್ಕೆ ಗೀಟು. ಕೂತಿದ್ದಕ್ಕೆ ಯಾರು ಕೊಡ್ತಾರೆ ಕಣೇ?”

ಆಮೇಲೆ ನಿಧಾನವಾಗಿ ಹೇಳಿದರು. ನನ್ನ ತಾತ ರೈತರ ಮನೆಗಳಿಗೆ ಹೋಗಿ ಕೆಲಸ ಮಾಡುತ್ತಿದ್ದವರು. ಮರ ಆ ಮನೆಯವರದು, ಅಂಗಳವೂ ಅವರದೇ. ಅಲ್ಲಿ ನಿಂತು ಗರಗಸ ಎಳೆದದ್ದನ್ನು, ಬಾಚಿಯಿಂದ ಕೆತ್ತಿದ್ದನ್ನು ಮನೆಯವರು ನೋಡುತ್ತಿದ್ದರು, ಅದಕ್ಕೆ ಕೂಲಿ ಕೊಡುತ್ತಿದ್ದರು. ಸಣ್ಣ ತುಂಡುಗಳನ್ನು ತಾತ ಮನೆಗೆ ತಂದು ಜಗಲಿಯ ಮೇಲೆ ಕೂತು ನಯ ಮಾಡುತ್ತಿದ್ದರು. ಉಳಿ ಮಸೆಯುವುದೂ ಅಲ್ಲೇ. ಜಗಲಿಯ ಮೇಲೆ ಮಾಡಿದ್ದು ಮನೆಗೆಲಸ. ಅದಕ್ಕೂ ಕೂಲಿ ಕೇಳಿದರೆ ಜನ ನಗುತ್ತಿದ್ದರು. ಗೀಟು ಹಾಕುವುದನ್ನು ಅಪ್ಪ ಕಲಿತದ್ದು ತಾತನಿಂದ. ಈಗ ಬೇರೆಯವರ ಅಂಗಳಕ್ಕೆ ಹೋಗುವುದು ನಿಂತು ಎಷ್ಟೋ ವರ್ಷವಾಗಿದೆ, ಗೀಟಿನ ಪದ್ಧತಿ ಮಾತ್ರ ಬದಲಾಗಿರಲಿಲ್ಲ.

ಬದಲಾಗಿದ್ದು ಅಪ್ಪನ ಬಲ ಮಂಡಿ. ಎರಡು ವರ್ಷದಿಂದ ಒಂದೇ ಸಮನೆ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಲು ಆಗುವುದಿಲ್ಲ. ತಮಗೆಂದೇ ಒಂದು ಗಿಡ್ಡ ಸ್ಟೂಲು ಮಾಡಿಕೊಂಡು, ಹಿಂದೆ ನಿಂತು ಮಾಡುತ್ತಿದ್ದ ಕೆಲಸಗಳನ್ನೂ ಅದರ ಮೇಲೆ ಕೂತು ಮಾಡುತ್ತಿದ್ದರು. ಆ ಸ್ಟೂಲನ್ನು ನಾನು ದಿನವೂ ನೋಡುತ್ತಿದ್ದೆ. ಕೆಲಸಕ್ಕೆ ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತಿತ್ತು, ಬಾಗಿಲ ಮೇಲೆ ಗೀಟು ಕಡಿಮೆಯಾಗುತ್ತಿತ್ತು. ಮಂಡಿ ಇನ್ನಷ್ಟು ಹಾಳಾಗಿ ಅಪ್ಪ ಪೂರ್ತಿ ಕೂತೇ ಮಾಡುವ ದಿನ ಬಂದರೆ ಒಂದು ಕುರ್ಚಿಗೆ ಒಂದೂ ಗೀಟು ಬೀಳುವುದಿಲ್ಲ.

ಇದನ್ನು ಬಾಯಿಬಿಟ್ಟು ಹೇಳಲು ನನಗಾಗಲಿಲ್ಲ. ಗುಂಪಿನಲ್ಲಿ ಕೇಳಿದ್ದನ್ನು ಒಪ್ಪಿಕೊಂಡು, ಬಂದ ಉತ್ತರಗಳನ್ನು ಒಂದೊಂದಾಗಿ ಓದಿ ಹೇಳಿದೆ. ಕಾಲುಭಾಗ, ಮೂರರಷ್ಟು, ಬೈಗುಳ, ಯಾವುದೂ ಅಪ್ಪನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಸುಳ್ಳು ಎಂದವರ ಮಾತು ಬಂದಾಗ ಮುಗಿದ ಕುರ್ಚಿಯನ್ನು ಒರೆಸುತ್ತಿದ್ದ ಕೈ ನಿಂತಿತು. ಇನ್ನೊಮ್ಮೆ ಓದಿಸಿದರು.

“ಅವನು ಬಡಗೀನೇ ಕಣೇ,” ಎಂದರು. ಮುಖದಲ್ಲಿ ಸಂತೋಷವಿತ್ತು. “ಮಾಡ್ದೋನಿಗೇ ಗೊತ್ತಾಗೋದು ಅದು. ನಾಲ್ಕು ದಿನಕ್ಕೆ ಎಲ್ಲಾದ್ರೂ ಆಗುತ್ತಾ?”

ಮರುದಿನ ಸಂಜೆ ನೋಡಿದರೆ ಬಾಗಿಲ ಮೇಲೆ ಹೊಸ ಗೀಟುಗಳಿದ್ದವು. ನಿಂತ ಗೀಟುಗಳ ಕೆಳಗೆ ಅಡ್ಡಡ್ಡಲಾಗಿ, ಮಲಗಿದ ಗೀಟುಗಳು. ನನ್ನ ಪುಸ್ತಕವನ್ನು ಅಮ್ಮ ತೋರಿಸಿರಬೇಕು. ಮಲಗಿದವು ಉದ್ದದಲ್ಲಿ ನಿಂತ ಗೀಟಿನ ಅರ್ಧದಷ್ಟಿದ್ದವು. ಅರ್ಧ ಗೀಟಿಗೆ ಅರ್ಧ ಕೂಲಿ ಎಂದು ಅಪ್ಪ ತೀರ್ಮಾನ ಮಾಡಿದ್ದರು. ಮೊದಲ ಕುರ್ಚಿಗೂ ನೆನಪು ಮಾಡಿಕೊಂಡು ಹಾಕಿದ್ದರು.

ಕುರ್ಚಿಗಳ ಜೊತೆ ತರೀಕೆರೆಗೆ ನಾನೂ ಹೋದೆ. ಟೀಚರಮ್ಮ ಎರಡರಲ್ಲೂ ಕೂತು ನೋಡಿದರು, ಬೆನ್ನು ಒರಗಿಸಿದರು. ಕೂಲಿ ಎಷ್ಟೆಂದು ಕೇಳಿದಾಗ ಅಪ್ಪ ಗೋಡೆಯ ಕಡೆ ನೋಡಿಕೊಂಡು, ನಿಂತದ್ದು ಇಷ್ಟು ದಿನ, ಕೂತದ್ದು ಇಷ್ಟು ದಿನ, ಕೂತದ್ದಕ್ಕೆ ಅರ್ಧ ಎಂದು ಒಂದೇ ಉಸಿರಿಗೆ ಹೇಳಿ ಮೊತ್ತ ಹೇಳಿದರು. ಮೊತ್ತವನ್ನು ನಾನಿಲ್ಲಿ ಬರೆಯುವುದಿಲ್ಲ. ಕುರ್ಚಿಯೊಂದಕ್ಕೆ ಇಷ್ಟು ಎಂದು ಲೆಕ್ಕ ಹಾಕಿದರೆ, ಅಪ್ಪ ಅಲ್ಲಿಯವರೆಗೆ ಕೇಳಿದ್ದರಲ್ಲಿ ಅದೇ ಹೆಚ್ಚು.

ಪರ್ಸು ತೆರೆಯುತ್ತಿದ್ದ ಟೀಚರಮ್ಮ ತಲೆಯೆತ್ತಿದರು.

“ಅರ್ಧ ಯಾಕೆ ಆಚಾರ್ರೇ?” ಎಂದರು. “ಕೂತ್ರೆ ಕೈ ಅರ್ಧ ಕೆಲಸ ಮಾಡುತ್ತಾ?”

ಆಮೇಲೆ ನಕ್ಕು, ತಾವು ಮನೆಯಲ್ಲಿ ಕೂತು ತಿದ್ದಿದ ಪರೀಕ್ಷೆ ಪೇಪರುಗಳಿಗೂ ಯಾರೂ ಏನೂ ಕೊಡಲಿಲ್ಲ ಎಂದರು. ಕೇಳಿದಷ್ಟನ್ನೇ ಕೊಟ್ಟರು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕಾಫಿ ಕುಡಿದು ಹೊರಟೆವು.

ಗುಂಪಿಗೆ ಹೋಗಿ ನನ್ನ ತಪ್ಪನ್ನು ತಿದ್ದಿದೆ: ನಾಲ್ಕು ದಿನ ಅಲ್ಲ, ಇದರ ಜೋಡಿ ಕುರ್ಚಿಗೆ ಎಣಿಸಿ ನೋಡಿದೆ, ಹದಿಮೂರು. ಸುಳ್ಳು ಎಂದವರು ಆ ಸಂಜೆಯೇ ಉತ್ತರಿಸಿದರು: ಈಗ ಸರಿಹೋಯಿತು, ಪಟ್ಟಿಯ ಬಾಗು ಒಂದೇ ಸಮ ಬರಲು ಅಚ್ಚು ಇಟ್ಟುಕೊಂಡಿದ್ದಾರೋ, ಕಣ್ಣಳತೆಯೋ? ಅಪ್ಪನನ್ನು ಕೇಳಿ, ಅವರು ಹೇಳಿದ್ದನ್ನು ನಾನು ಬರೆದೆ. ಕುರ್ಚಿ ಮಾಡಿದವರು ನನ್ನ ಅಪ್ಪ ಎಂದೂ ಆಗಲೇ ಮೊದಲ ಸಲ ಬರೆದದ್ದು.

ಮುಂದಿನ ವಾರ ಕಡೂರಿನವರೊಬ್ಬರ ತೊಟ್ಟಿಲಿನ ಕೆಲಸ ಶುರುವಾಯಿತು. ಬಾಗಿಲು ಒರೆಸಿ ಆಗಿತ್ತು. ಮೊದಲ ದಿನದ್ದು ಮಲಗಿದ ಗೀಟು. ಎರಡನೆಯ ದಿನದ್ದು ನಿಂತದ್ದು. ಅಪ್ಪ ಊಟಕ್ಕೆ ಹೋದಾಗ ನಾನು ಅವರದೇ ಅಳತೆಪಟ್ಟಿ ಹಿಡಿದು ನೋಡಿದೆ. ಎರಡೂ ಒಂದೇ ಉದ್ದವಿದ್ದವು.