ಎರಡು ಕಾರ್ಡಿನ ಮದರ್‌ಬೋರ್ಡ್ ಆರಿಸಿಕೊಟ್ಟ ಚಾಚಾ

ಅವರ ಬಲಗೈ ಹೆಬ್ಬೆರಳಿನ ಉಗುರು ಕಡುಕಂದು. ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತಿ ಸುತ್ತಿ, ವಾರ್ನಿಷ್ ಹಚ್ಚಿ ಹಚ್ಚಿ ಬಂದ ಬಣ್ಣ. ಸ್ಕ್ರೂ ಬಿಗಿಯಾಗಿದೆಯೇ ಎಂದು ಆ ಉಗುರಿನಿಂದಲೇ ನೋಡುತ್ತಿದ್ದರು, ಬಾಳೆಹಣ್ಣಿನ ತೊಟ್ಟನ್ನೂ ಅದರಿಂದಲೇ ಸೀಳುತ್ತಿದ್ದರು. ಚಳ್ಳಕೆರೆಯ ಎಣ್ಣೆ ಗಿರಣಿಗಳ ಸಾಲಿನಲ್ಲಿ ಅವರದೊಂದು ಅಂಗಡಿ. ಮುಂದೆ ಮೋಟಾರ್ ರಿಪೇರಿ, ಹಿಂದೆ ಕಂಪ್ಯೂಟರ್. ಬೀದಿಯೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ಆಟದ ಕಂಪ್ಯೂಟರಿಗೆ ಎರಡು ಗ್ರಾಫಿಕ್ಸ್ ಕಾರ್ಡ್ ಜೋಡಿಸುವ ಹುಚ್ಚು ಇನ್ನೂ ಇಳಿಯದ ಕಾಲ ಅದು. ಹತ್ತಿರದ ಹಳ್ಳಿ ಸಿದ್ದಾಪುರದ ಕುರಿ ಕಾಯುವ ಮನೆಯ ನನಗೂ ಆ ಹುಚ್ಚು ಹತ್ತಿತ್ತು. ಅಪ್ಪ ತಾನು ಮುದ್ದಿನಿಂದ ಸಾಕಿದ ಟಗರನ್ನು ನನಗಾಗಿ ಮಾರಿ, "ಇದೊಂದೇ ಸಲ. ದಂಡ ಮಾಡಿದ್ಯೋ, ಮುಂದಕ್ಕೆ ನಿನ್ನ ಮಾತು ನಾನು ನಂಬಲ್ಲ" ಎಂದಿದ್ದ. ಹಳೆಯ ಕಾರ್ಡು ಎರಡು, ಎಲ್ಲವನ್ನೂ ಕೂರಿಸುವ ಕ್ಯಾಬಿನೆಟ್ಟು, ಇಷ್ಟನ್ನು ಮೊದಲೇ ತಂದಿಟ್ಟುಕೊಂಡಿದ್ದೆ. ಉಳಿದದ್ದು ಆ ಕಾರ್ಡುಗಳನ್ನು ಚುಚ್ಚಿ ಕೂರಿಸುವ ಮದರ್‌ಬೋರ್ಡ್. ಕೆಂಪು ದೀಪ ಮಿನುಗುವ ಒಂದನ್ನು ಫೋನಿನಲ್ಲಿ ಚಾಚಾಗೆ ತೋರಿಸಿದೆ.

"ಲೈಟ್ ನೋಡಿ ತಗೊಂತೀಯಾ? ಮದುವೆ ಶಾಮಿಯಾನ ಏನಲೇ ಇದು?" ಎಂದು ನಕ್ಕರು.

ಕಾರ್ಡುಗಳನ್ನು ತರಿಸಿಕೊಂಡು, ಎಣ್ಣೆ ಪೆಟ್ಟಿಗೆಯ ರಟ್ಟಿನಲ್ಲಿ ಅದೇ ಉದ್ದ, ಅದೇ ದಪ್ಪದ ಎರಡು ನಕಲು ಮಾಡಿದರು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಕೆಂಪು ದೀಪದ ಬೋರ್ಡನ್ನು ಅಳತೆಗೆ ಸರಿಯಾಗಿ ಬರೆದು, ಕಾರ್ಡು ಚುಚ್ಚುವ ಸ್ಲಾಟಿದ್ದ ಕಡೆ ರಟ್ಟುಗಳನ್ನು ನಿಲ್ಲಿಸಿದರು. ನಡುವೆ ಬೆರಳೂ ತೂರಲಿಲ್ಲ. "ನೋಡು ಬೇಟಾ, ನಮ್ಮೂರ ಬಿಸಿಲಿಗೆ ಇವು ಉಸಿರಾಡಾದು ಹೆಂಗೆ?" ನಾನು ತೋರಿಸಿದ ಇನ್ನೊಂದು ಬೋರ್ಡೂ ಉಳಿಯಲಿಲ್ಲ. "ಎರಡ್ನೇ ಸ್ಲಾಟು ಉದ್ದ ಐತೆ, ಒಳಗೆ ಪಿನ್ನು ಅರ್ಧಾನೂ ಇಲ್ಲ. ಬರೀ ಶೋಕಿ!" ಹೀಗೆ ಮೂರು ಮಧ್ಯಾಹ್ನ ಅಳೆದೂ ಅಳೆದೂ, ಸ್ಲಾಟುಗಳು ದೂರ ದೂರ ಇರುವ, ದೀಪಗೀಪ ಇಲ್ಲದ ಒಂದು ಬೋರ್ಡನ್ನು ಆರಿಸಿದರು. ನನಗೆ ಅದರ ಮುಖವೇ ಹಿಡಿಸಲಿಲ್ಲ.

ತರಿಸುವ ಮುನ್ನ ನನಗೊಂದು ಫೋನ್ ಮಾಡಿದರು. "ಎರಡ್ನೇ ಕಾರ್ಡು ತಳಕ್ಕೆ ಬರ್ತೈತೆ. ನಿನ್ನ ಕ್ಯಾಬಿನೆಟ್ಟಿನಾಗೆ ಅಲ್ಲಿ ಎಷ್ಟು ಜಾಗ ಐತೆ, ಅಳೆದು ಹೇಳು."

ನಾನು ಕೂತಲ್ಲಿಂದ ಏಳಲೂ ಇಲ್ಲ. "ಬೇಕಾದಷ್ಟೈತೆ ಚಾಚಾ" ಅಂದುಬಿಟ್ಟೆ.

ಬೋರ್ಡು ಬಂದ ಮೇಲಿನ ಭಾನುವಾರ ಅವರೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಅವ್ವ ಮಜ್ಜಿಗೆ ಕೊಟ್ಟಳು. ಅಪ್ಪ ಗೋಡೆಗೊರಗಿ ಕುಳಿತ. ಮೊದಲ ಕಾರ್ಡು ಕೂತಿತು. ಎರಡನೆಯದು ತಳದಲ್ಲಿದ್ದ ಪವರ್ ಸಪ್ಲೈ ಪೆಟ್ಟಿಗೆಗೆ ತಾಗಿ ಅಲ್ಲೇ ನಿಂತಿತು.

"ಏನಾತು?" ಎಂದ ಅಪ್ಪ.

ಚಾಚಾ ಒಮ್ಮೆ ನನ್ನತ್ತ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, "ತಪ್ಪು ನಂದು ಯಜಮಾನ್ರೆ. ಡಬ್ಬಿ ಅಳೆಯಾದು ಮರೆತೆ" ಎಂದು ಹಣೆ ಬಡಿದುಕೊಂಡು ಜೋರಾಗಿ ನಕ್ಕರು. "ಈ ಡಬ್ಬಿ ಬ್ಯಾಡ ಬಿಡ್ರಿ. ಹಲಗೆ ಮೇಲೆ ಬಯಲಾಗೇ ಕೂರಿಸ್ತೀನಿ. ಬೆಕ್ಕು, ಕೋಳಿ ಹತ್ತದಂಗೆ ಮುಚ್ಚಾಕೆ ಏನಾರ ಐತಾ?"

ಅಪ್ಪ ಎದ್ದು ಹೋಗಿ, ಕುರಿಮರಿಗಳನ್ನು ಮುಚ್ಚಿಡುವ ದೊಡ್ಡ ಬಿದಿರು ಬುಟ್ಟಿ ತಂದ. ಗಾಳಿಯಾಡಲೆಂದು ಕಣ್ಣುಕಣ್ಣಾಗಿ ಹೆಣೆದದ್ದು. ಚಾಚಾ ಅದನ್ನು ಕವುಚಿ, ಸುತ್ತ ತಿರುಗಿ ನೋಡಿ, "ವಾಹ್! ಇಂಥ ಕ್ಯಾಬಿನೆಟ್ಟು ಯಾವ ಕಂಪನೀನೂ ಮಾಡಲ್ಲ!" ಎಂದರು. ಬುಟ್ಟಿಯೊಳಗೆ ಎರಡೂ ಕಾರ್ಡಿನ ಫ್ಯಾನು ತಿರುಗತೊಡಗಿದಾಗ ಅವ್ವ ಚಪ್ಪಾಳೆ ತಟ್ಟಿದಳು. ಸಂಜೆ ಬಸ್ಸಿನ ತನಕ ಅಪ್ಪನೂ ಚಾಚಾನೂ ಕಾರಿನ ರೇಸ್ ಆಡಿದರು. ರಸ್ತೆಯಲ್ಲಿ ಓಡಿದ್ದಕ್ಕಿಂತ ಕಂದಕಕ್ಕೆ ಬಿದ್ದದ್ದೇ ಹೆಚ್ಚು. ನನಗೆ ಸರದಿಯೇ ಸಿಗಲಿಲ್ಲ.

ಈಗ ಮೊಳಕಾಲ್ಮುರಿನಲ್ಲಿ ನನ್ನದೇ ಕಂಪ್ಯೂಟರ್ ಅಂಗಡಿ ಇದೆ. ಗಿರಾಕಿ ಎಷ್ಟೇ "ಜಾಗ ಐತೆ" ಅನ್ನಲಿ, ಟೇಪು ಹಿಡಿದು ನಾನೇ ಹೋಗಿ ಅಳೆಯುತ್ತೇನೆ. ಈ ಕಸುಬು ಚಾಚಾ ಕೊಟ್ಟದ್ದು. ಅದಕ್ಕಿಂತ ದೊಡ್ಡದೊಂದನ್ನು ಕೊಟ್ಟಿದ್ದರು, ಅದನ್ನು ಮಾತ್ರ ಯಾರಿಗೂ ಹೇಳಿಕೊಂಡಿರಲಿಲ್ಲ.

ಕಳೆದ ವರ್ಷ ಅವರು ತೀರಿಕೊಂಡರು. ಮಣ್ಣು ಕೊಟ್ಟು ಬಸ್ಸಿನಲ್ಲಿ ಮರಳುವಾಗ ತಡೆಯಲಾಗದೆ ಅಪ್ಪನಿಗೆ ಹೇಳಿಬಿಟ್ಟೆ: ಅವತ್ತು ಅಳೆಯದೆ ಸುಳ್ಳು ಹೇಳಿದವನು ನಾನೇ ಎಂದು.

ಅಪ್ಪ ಕಿಟಕಿಯಾಚೆ ನೋಡುತ್ತಲೇ ಅಂದ: "ಅವತ್ತೇ ಗೊತ್ತಾತು ಬಿಡಲೇ. ಮೂರು ದಿನ ಅಳೆದ ಮನುಷ್ಯ ಅಳೆಯಾದು ಮರೀತಾರಾ? ಅವ್ರು ನಿನ್ನ ಮಾನ ಉಳಿಸಿದ್ರು. ನಾನು ಅವ್ರ ಮಾತು ಉಳಿಸ್ದೆ."